‘ಬಗ್ಗೆ’ ಸಾಲದು, ‘ಎಂದು’ ಬೇಕು: ಇಂಗ್ಲಿಷಿನ ಒಂದು ಪ್ಯಾರಾ

ಫೋನಿನಲ್ಲಿ ಓದುವವರಿಗೆ ಪ್ಯಾರಾ ಅಂದರೆ ಸಾಲುಗಳ ನಡುವೆ ಸಿಗುವ ಖಾಲಿ ಜಾಗ. ಕಣ್ಣಿಗೆ ಸುಸ್ತಾಗದಿರಲಿ ಅಂತ ನಾವು ಈ ಬ್ಲಾಗಿನಲ್ಲಿ ನಾಲ್ಕೈದು ವಾಕ್ಯಕ್ಕೊಮ್ಮೆ ಆ ಜಾಗ ಬಿಡುತ್ತೇವೆ. ನಾನು ಕೆಲಸ ಮಾಡುವ ಪತ್ರಿಕೆಯ ಡೆಸ್ಕಿನಲ್ಲೂ ಅಷ್ಟೇ. ಕಾಲಂ ಸಣ್ಣದು, ಪ್ಯಾರಾ ಉದ್ದವಾದರೆ ಪುಟ ಕಪ್ಪಗೆ ಕಾಣುತ್ತದೆ, ಒಡೆದು ಎರಡು ಮಾಡುತ್ತೇವೆ. ಶಾಲೆಯಲ್ಲಿ ಇದಕ್ಕೆ ವಾಕ್ಯವೃಂದ ಎಂಬ ಹೆಸರಿತ್ತು. ಪರೀಕ್ಷೆ ಮುಗಿದ ಮೇಲೆ ಆ ಪದವನ್ನು ಯಾರ ಬಾಯಲ್ಲೂ ಕೇಳಿಲ್ಲ. ಎಲ್ಲರಿಗೂ ಅದು ಪ್ಯಾರಾ.

ಎಂ.ಎ., ಪಿಎಚ್.ಡಿ. ಅಂತ ಮೇಲಕ್ಕೆ ಹೋಗಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾಗಿ ಬಂದಾಗ ಈ ಪ್ಯಾರಾ ಬೇರೆಯದೇ ವೇಷ ಹಾಕುತ್ತದೆ. ಅಲ್ಲಿ ಒಂದೊಂದು ಪ್ಯಾರಾವೂ ಒಂದೊಂದು ಮಾತನ್ನು ಹೇಳಿ, ಅದಕ್ಕೆ ಆಧಾರ ಕೊಟ್ಟು, ಮುಂದಿನದಕ್ಕೆ ದಾರಿ ಬಿಡಬೇಕು. ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನಮ್ಮ ಕಡೆಯ ಜಾಣ ಮಕ್ಕಳು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತಾರೆ, ಆಮೇಲೆ ‘ನಂಗೆ ಇಂಗ್ಲಿಷ್ ಬರಲ್ಲ’ ಅಂತ ತಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಳ್ಳುತ್ತಾರೆ. ಓದು ಬಿಟ್ಟವರೂ ಇದ್ದಾರೆ.

ನನ್ನ ಚಿಕ್ಕಮ್ಮನ ಮಗಳು ಹಾಗೆ ಬಿಡುವ ಹಂತಕ್ಕೆ ಬಂದಿದ್ದಳು. ನಾಗಮಂಗಲದ ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಗ್ರಿ, ಈಗ ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ಸ್ವಂತ ಅಧ್ಯಯನ ಮಾಡಿ ಇಂಗ್ಲಿಷಿನಲ್ಲಿ ಕಿರುಪ್ರಬಂಧ ಕೊಡಬೇಕು. ಅವಳು ಆರಿಸಿಕೊಂಡದ್ದು ತನ್ನೂರಿನ ಮಹಿಳಾ ಡೇರಿ. ರಜೆಯಲ್ಲಿ ಮನೆಮನೆಗೆ ಹೋಗಿ, ಹಾಲು ಹಾಕುವ ಹೆಂಗಸರ ಜೊತೆ ಕೊಟ್ಟಿಗೆಯಲ್ಲೇ ಕೂತು ಮಾತಾಡಿ, ಎರಡು ನೋಟ್‌ಬುಕ್ ತುಂಬ ಬರೆದುಕೊಂಡಿದ್ದಳು. ಆ ನೋಟ್‌ಬುಕ್ಕು ಓದಿದರೆ ಯಾವ ವರದಿಗಾರನಿಗಾದರೂ ಹೊಟ್ಟೆಕಿಚ್ಚು ಆಗಬೇಕು, ಅಂಥ ಮಾಹಿತಿ.

ಅವಳ ಗೈಡ್ ಮೊದಲ ಅಧ್ಯಾಯವನ್ನು ವಾಪಸ್ ಕೊಟ್ಟಿದ್ದರು. ಬೈದಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪದ, ಪುಟಕ್ಕೆ ಎರಡು ಮೂರು ಸಲ: ‘ಪಾಯಿಂಟ್?’

‘ಅಕ್ಕ, ಗ್ರಾಮರ್ ಎಲ್ಲಾ ಆ್ಯಪಲ್ಲಿ ಹಾಕಿ ನೋಡ್ದೆ. ತಪ್ಪೇ ಇಲ್ಲ ಅಂತದೆ. ಇನ್ನೇನ್ ಬೇಕಂತೆ ಇವ್ರಿಗೆ?’ ಅಂದಳು. ನಿಜ, ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಒಂದು ಪ್ಯಾರಾವನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ವಾಕ್ಯಗಳ ಸಾಲು ಮಾತ್ರ ಅವಳದ್ದೇ:

‘ಭಾರತ ಕೃಷಿ ಪ್ರಧಾನ ದೇಶ. ಹೈನುಗಾರಿಕೆ ರೈತರ ಉಪಕಸುಬು. 1946ರಲ್ಲಿ ಗುಜರಾತಿನ ಆಣಂದ್‌ನಲ್ಲಿ ಹಾಲಿನ ಸಹಕಾರಿ ಒಕ್ಕೂಟ ಆರಂಭವಾಯಿತು. 1970ರಲ್ಲಿ ಆಪರೇಷನ್ ಫ್ಲಡ್ ಬಂತು. ಹೈನುಗಾರಿಕೆಯಲ್ಲಿ ಮಹಿಳೆಯರ ಪಾತ್ರ ಮಹತ್ವದ್ದು. ಅಧ್ಯಯನದ ಗ್ರಾಮದಲ್ಲಿ ಮಹಿಳಾ ಸಂಘವಿದೆ. ಸದಸ್ಯರೆಲ್ಲ ಮಹಿಳೆಯರು. ಬಟವಾಡೆ ಬ್ಯಾಂಕ್ ಖಾತೆಗೆ ಬರುತ್ತದೆ. ಕೆಲವು ಮನೆಗಳಲ್ಲಿ ಎಟಿಎಂ ಕಾರ್ಡು ಗಂಡಸರ ಬಳಿ ಇರುತ್ತದೆ. ಆದ್ದರಿಂದ ಮಹಿಳಾ ಸಬಲೀಕರಣಕ್ಕೆ ಸರ್ಕಾರ ಇನ್ನಷ್ಟು ಕ್ರಮ ಕೈಗೊಳ್ಳಬೇಕು.’

ಒಂದೊಂದು ವಾಕ್ಯವೂ ಸರಿ. ಒಟ್ಟಿಗೆ ಸೇರಿದಾಗ ಏನು ಹೇಳುತ್ತಿವೆ ಅಂದರೆ ಗೊತ್ತಾಗುವುದಿಲ್ಲ. ಇಡೀ ಪ್ಯಾರಾದಲ್ಲಿ ಅವಳು ಕಣ್ಣಾರೆ ಕಂಡು ತಂದದ್ದು ಒಂದೇ ವಾಕ್ಯ, ಎಟಿಎಂ ಕಾರ್ಡಿನದು. ಅದು ಒಂಬತ್ತನೆಯ ಸ್ಥಾನದಲ್ಲಿ, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ ನಿಂತಿತ್ತು.

ಇದು ಅವಳ ಒಬ್ಬಳ ಅಭ್ಯಾಸವಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ನಾವೆಲ್ಲ ಪ್ರಬಂಧ ಬರೆದವರು. ಪೀಠಿಕೆ ಅಂದರೆ ದೂರದಿಂದ ಶುರು ಮಾಡುವುದು, ಉಪಸಂಹಾರ ಅಂದರೆ ಸರ್ಕಾರಕ್ಕೋ ಯುವಜನರಿಗೋ ಒಂದು ಬುದ್ಧಿಮಾತು. ಹತ್ತನೇ ಕ್ಲಾಸಿನಲ್ಲಿ ಅದಕ್ಕೆ ಒಳ್ಳೇ ಅಂಕ ಬರುತ್ತದೆ. ಎಂ.ಎ.ಯ ಒಂದು ಪ್ಯಾರಾದೊಳಗೇ ಪೀಠಿಕೆ, ಉಪಸಂಹಾರ ಎರಡನ್ನೂ ತುಂಬಿದರೆ ನಡುವೆ ವಿಷಯಕ್ಕೆ ಜಾಗ ಉಳಿಯುವುದಿಲ್ಲ.

ನಾನು ಪತ್ರಿಕೋದ್ಯಮದವಳು, ಮೊದಲು ನೆನಪಾದದ್ದು ಸುದ್ದಿಯ ಇಂಟ್ರೋ. ಲಾರಿ ಪಲ್ಟಿಯಾದರೆ ಮೊದಲ ವಾಕ್ಯದಲ್ಲೇ ಎಲ್ಲಿ, ಯಾವಾಗ, ಎಷ್ಟು ಜನಕ್ಕೆ ಏನಾಯಿತು ಅಂತ ಹೇಳಿಬಿಡುತ್ತೇವೆ. ‘ಭಾರತದಲ್ಲಿ ರಸ್ತೆ ಸಾರಿಗೆ ಮಹತ್ವದ ಪಾತ್ರ ವಹಿಸುತ್ತದೆ’ ಎಂದು ಶುರು ಮಾಡಿದ ವರದಿಗಾರ ಆವತ್ತೇ ಬೈಸಿಕೊಳ್ಳುತ್ತಾನೆ. ಇಂಗ್ಲಿಷ್ ಅಕಾಡೆಮಿಕ್ ಪ್ಯಾರಾದ ಮೊದಲ ವಾಕ್ಯವೂ ಇದೇ ಜಾತಿ. ಒಂದು ವ್ಯತ್ಯಾಸ ಇದೆ. ಸುದ್ದಿಯನ್ನು ಕೆಳಗಿನಿಂದ ಕತ್ತರಿಸಬಹುದು, ಜಾಗ ಇಲ್ಲದಿದ್ದರೆ ಕೊನೆಯ ಮೂರು ಪ್ಯಾರಾ ಹಾರಿಸಿದರೂ ಸುದ್ದಿ ನಿಲ್ಲುತ್ತದೆ. ಅಕಾಡೆಮಿಕ್ ಪ್ಯಾರಾವನ್ನು ಹಾಗೆ ಕತ್ತರಿಸಿದರೆ ಬಿದ್ದುಹೋಗುತ್ತದೆ, ಯಾಕೆಂದರೆ ಮೊದಲ ವಾಕ್ಯದಲ್ಲಿ ಹೇಳಿದ್ದಕ್ಕೆ ಆಧಾರವೆಲ್ಲ ಕೆಳಗಿದೆ.

ತಂಗಿಗೆ ಇಂಟ್ರೋ ಉದಾಹರಣೆ ಅಷ್ಟಾಗಿ ಹತ್ತಲಿಲ್ಲ. ಹತ್ತಿದ್ದು ಅರ್ಜಿ. ನಾಡಕಚೇರಿಗೋ ತಾಲ್ಲೂಕು ಆಫೀಸಿಗೋ ಬರೆಯುವ ಅರ್ಜಿ ನಿಮಗೆಲ್ಲ ಗೊತ್ತಲ್ಲ? ಇಂದ, ಗೆ, ಮಾನ್ಯರೇ, ಆಮೇಲೆ ‘ವಿಷಯ’ ಅಂತ ಒಂದು ಸಾಲು: ‘ಪಡಿತರ ಚೀಟಿಯಲ್ಲಿ ಹೆಸರು ಸೇರಿಸುವ ಬಗ್ಗೆ.’ ಆ ಸಾಲು ನೋಡಿಯೇ ಗುಮಾಸ್ತರು ಅದು ಯಾವ ಟೇಬಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಹಾಗಾಗಿ ಮೊದಲೇ ವಿಷಯ ಹೇಳುವುದು ನಮಗೆ ಹೊಸದಲ್ಲ. ಓದು ಬರಹ ಬಾರದ ಅಜ್ಜಿಯೂ ಅರ್ಜಿ ಬರೆಸುವಾಗ ‘ಮೊದ್ಲು ಪಿಂಚಣಿ ಅಂತ ಬರಿಯಪ್ಪ’ ಅನ್ನುತ್ತಾಳೆ.

ಅರ್ಜಿಯ ಆ ಸಾಲಿಗೂ ಪ್ಯಾರಾದ ಮೊದಲ ವಾಕ್ಯಕ್ಕೂ ನಡುವೆ ಒಂದೇ ಒಂದು ಹೆಜ್ಜೆ ಬಾಕಿ. ಅರ್ಜಿ ‘ಬಗ್ಗೆ’ ಎಂದು ಮುಗಿಯುತ್ತದೆ. ಪ್ಯಾರಾದ ಮೊದಲ ವಾಕ್ಯದ ಹಿಂದೆ ‘ಎಂದು’ ಇರಬೇಕು. ‘ಮಹಿಳೆಯರು ಮತ್ತು ಹಾಲಿನ ಹಣದ ಬಗ್ಗೆ’ ಅಂದರೆ ಬರೀ ತಲೆಬರಹ. ‘ಹಾಲಿನ ಹಣದ ಖರ್ಚನ್ನು ತೀರ್ಮಾನಿಸುವವರು ಗಂಡಸರು ಎಂದು’ ಅಂದರೆ ಒಂದು ಮಾತು. ಆ ಮಾತನ್ನು ಒಪ್ಪಬಹುದು, ಇಲ್ಲ ಎನ್ನಬಹುದು, ‘ಹೇಗೆ ಹೇಳ್ತೀಯ’ ಎಂದು ಕೇಳಬಹುದು. ಹಾಗೆ ಕೇಳುವವರಿಗೆ ಉಳಿದ ಐದಾರು ವಾಕ್ಯ ಉತ್ತರ. ‘ಬಗ್ಗೆ’ಗೆ ಯಾರೂ ಇಲ್ಲ ಅನ್ನಲಾರರು. ಅದಕ್ಕೇ ಅದು ಸುರಕ್ಷಿತ, ಅದಕ್ಕೇ ಅಂಚಿನಲ್ಲಿ ‘ಪಾಯಿಂಟ್?’

ಸುರಕ್ಷಿತ ಅಂದೆನಲ್ಲ, ವಿಷಯ ಇದ್ದದ್ದೇ ಅಲ್ಲಿ.

‘ಸರಿ, ಈ ಪ್ಯಾರಾದಲ್ಲಿ ನೀನು ಏನು ಎಂದು ಹೇಳ್ಬೇಕು? ಕನ್ನಡದಲ್ಲೇ ಹೇಳು’ ಅಂದೆ. ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿತ್ತು, ಅವಳ ನೋಟ್‌ಬುಕ್ಕಿನಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ, ‘ಅಕ್ಕ, ಅದನ್ನ ಮೊದ್ಲೇ ಬರೆದ್ರೆ ದೊಡ್ಡಪ್ಪನ್ನ ಬೈದಂಗೆ ಆಗಲ್ವಾ?’ ಅಂದಳು.

ಊರಿನ ಡೇರಿಗೆ ಸೆಕ್ರೆಟರಿ ನಮ್ಮ ದೊಡ್ಡಮ್ಮ. ಕಾಗದದಲ್ಲಿ. ಬೆಳಿಗ್ಗೆ ಸಂಜೆ ಮೇಜಿನ ಹಿಂದೆ ಕೂತು ಹಾಲು ಅಳೆಸಿ, ಫ್ಯಾಟು ಡಿಗ್ರಿ ನೋಡಿ, ಬರೆದುಕೊಳ್ಳುವವರು ದೊಡ್ಡಪ್ಪ. ಕೆಟ್ಟವರಲ್ಲ. ತಂಗಿಯ ಡಿಗ್ರಿ ಫೀಸು ಒಂದು ವರ್ಷ ಅವರೇ ಕಟ್ಟಿದ್ದು. ಅವರೆದುರು ಕೂತು ಮಾತಾಡುವಾಗ ಅವಳು ಇವತ್ತಿಗೂ ಸೆರಗಿಲ್ಲದಿದ್ದರೂ ದುಪಟ್ಟಾ ಸರಿ ಮಾಡಿಕೊಳ್ಳುತ್ತಾಳೆ. ಅಂಥವಳು ಇಂಗ್ಲಿಷಿನಲ್ಲಿ, ಪ್ಯಾರಾದ ಮೊದಲ ವಾಕ್ಯದಲ್ಲಿ, ‘ಹೆಂಗಸರ ಹೆಸರು, ಗಂಡಸರ ಹಿಡಿತ’ ಎಂದು ಬರೆಯಬೇಕಿತ್ತು. ಬರೆಯಲು ಆಗದೆ ಆಣಂದ್‌ಗೆ ಹೋಗಿ, ಆಪರೇಷನ್ ಫ್ಲಡ್ ಸುತ್ತಿ, ಒಂಬತ್ತನೇ ವಾಕ್ಯದಲ್ಲಿ ಮೆಲ್ಲಗೆ ಇಟ್ಟು, ಯಾರಿಗೂ ನೋವಾಗದ ಹಾಗೆ ಸರ್ಕಾರದ ಮೇಲೆ ಹಾಕಿ ಮುಗಿಸಿದ್ದಳು.

ಹಳ್ಳಿಯಲ್ಲಿ ದೊಡ್ಡವರಿಗೆ ಒಪ್ಪದ ಮಾತು ಹೇಳಬೇಕಾದರೆ ನಾವು ಮಾಡುವುದೂ ಅದನ್ನೇ. ಮೊದಲು ಮಳೆ ಬೆಳೆ, ಆಮೇಲೆ ಎಮ್ಮೆ ಕರು ಹಾಕಿದ್ದು, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ‘ಅಲ್ಲಾ, ಅದೇನೋ ಬದು ವಿಚಾರ…’ ಇದು ಹೇಡಿತನ ಅಲ್ಲ. ನಾಳೆಯೂ ಒಂದೇ ಬೀದಿಯಲ್ಲಿ ಮುಖ ನೋಡಿಕೊಂಡು ಬದುಕಬೇಕಾದವರ ಜಾಣತನ. ಆದರೆ ಪ್ರಬಂಧ ಓದುವವರಿಗೆ ನಮ್ಮ ಬದು ಯಾವುದು ಗೊತ್ತಿಲ್ಲ, ಕಾಫಿ ಕುಡಿಯುವಷ್ಟು ಹೊತ್ತೂ ಇಲ್ಲ. ಅವರ ಟೇಬಲ್ಲಿನ ಮೇಲೆ ಇನ್ನೂ ಮೂವತ್ತು ಪ್ರಬಂಧ ಇರುತ್ತವೆ.

ನಮ್ಮಂಥವರ ಈ ಸುತ್ತುದಾರಿಯ ಬಗ್ಗೆ ಅಮೆರಿಕದಲ್ಲಿ ಒಂದು ಹೆಸರಾಂತ ಲೇಖನವೇ ಇದೆ. 1966ರಲ್ಲಿ ರಾಬರ್ಟ್ ಕಪ್ಲಾನ್ ಎಂಬ ಪ್ರಾಧ್ಯಾಪಕರು, ಅಲ್ಲಿಗೆ ಓದಲು ಬಂದ ಬೇರೆ ಬೇರೆ ದೇಶದ ವಿದ್ಯಾರ್ಥಿಗಳ ಇಂಗ್ಲಿಷ್ ಬರಹ ನೋಡಿ, ಒಂದೊಂದು ಭಾಷಾ ಗುಂಪಿಗೆ ಒಂದೊಂದು ಚಿತ್ರ ಬರೆದರು. ಇಂಗ್ಲಿಷಿಗೆ ಮೇಲಿನಿಂದ ಕೆಳಕ್ಕೆ ನೇರ ಗೆರೆ. ಪೂರ್ವ ದೇಶದವರಿಗೆ ಸುರುಳಿ, ಸುತ್ತಿ ಸುತ್ತಿ ಒಳಗೆ ಹೋಗುವಂಥದ್ದು. ಬರಹ ಕಲಿಸುವವರ ನಡುವೆ ಈ ಚಿತ್ರ ಬಹಳ ಓಡಾಡಿತು, ಬಹಳ ಬೈಗುಳವನ್ನೂ ತಿಂದಿತು. ಮುಂದೆ ಕಪ್ಲಾನ್ ಅವರೇ ತಮ್ಮ ಮಾತನ್ನು ಸಡಿಲ ಮಾಡಿಕೊಂಡರು.

ನನಗೂ ಆ ಸುರುಳಿ ಒಪ್ಪಿಗೆಯಿಲ್ಲ. ನಮ್ಮ ಡೇರಿಯ ನಡಾವಳಿ ಪುಸ್ತಕ ತೆಗೆದು ನೋಡಿ: ವಿಷಯ ಸಂಖ್ಯೆ ಒಂದು, ಚರ್ಚೆ, ತೀರ್ಮಾನ. ಗೆರೆ ಎಳೆದಷ್ಟು ನೇರ. ಕ್ರಯಪತ್ರ, ಪಂಚಾಯಿತಿ ಠರಾವು, ಸುದ್ದಿ ಎಲ್ಲವೂ ಕನ್ನಡದಲ್ಲೇ ಇವೆ, ಯಾವುದೂ ಸುತ್ತುವುದಿಲ್ಲ. ಎಲ್ಲಿ ಸುತ್ತಬೇಕು, ಎಲ್ಲಿ ನೇರ ಹೋಗಬೇಕು ಎಂಬುದು ಕೇಳುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಭಾಷೆಯ ತಲೆಯಲ್ಲೇ ಸುರುಳಿ ಇದೆ ಅನ್ನುವುದು ದೊಡ್ಡ ಮಾತಾಯಿತು.

ಇನ್ನು ನೇರ ಗೆರೆಯೂ ಇಂಗ್ಲಿಷಿನವರ ಹುಟ್ಟುಗುಣವಲ್ಲ. ಅವರೂ ಕಲಿತದ್ದೇ. ಪ್ಯಾರಾಗ್ರಾಫ್ ಎಂಬ ಪದ ಗ್ರೀಕಿನಿಂದ ಬಂದದ್ದು, ಪಕ್ಕದಲ್ಲಿ ಬರೆದದ್ದು ಎಂದು ಅರ್ಥ. ಹಳೆಯ ಗ್ರೀಕ್ ಬರಹದಲ್ಲಿ ವಿಷಯ ಬದಲಾಗುವ ಕಡೆ ಅಂಚಿನಲ್ಲಿ ಒಂದು ಸಣ್ಣ ಗೀಟು ಎಳೆಯುತ್ತಿದ್ದರು, ಅಷ್ಟೇ. ಅದು ಬರೀ ಗುರುತಾಗಿತ್ತು. ಪ್ಯಾರಾ ಹೇಗಿರಬೇಕು ಎಂದು ಇಂಗ್ಲಿಷಿನಲ್ಲಿ ಕಟ್ಟುನಿಟ್ಟಾದ ನಿಯಮ ಮಾಡಿದವರು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್, 1866ರಲ್ಲಿ ಬಂದ ತಮ್ಮ ಪಠ್ಯಪುಸ್ತಕದಲ್ಲಿ. ಮೊದಲ ವಾಕ್ಯ ಪ್ಯಾರಾದ ವಿಷಯವನ್ನು ತೋರಿಸಬೇಕು, ವಾಕ್ಯ ವಾಕ್ಯಕ್ಕೂ ಸಂಬಂಧ ಕಾಣಬೇಕು, ದಾರಿ ಬಿಟ್ಟು ಹೋಗಬಾರದು ಎಂಬೆಲ್ಲ ಮಾತು ಅಲ್ಲಿಂದ ಬಂದದ್ದು.

ಈ ಬೇನ್ ಯಾರು ಅಂತ ಓದಿದ ಮೇಲೆ ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ಅಬರ್ಡೀನ್ ಊರಿನ ಒಬ್ಬ ನೇಕಾರರ ಮಗ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತರು. ಆಮೇಲೆ ಕಷ್ಟಪಟ್ಟು ಓದಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ 1860ರಲ್ಲಿ ತರ್ಕಶಾಸ್ತ್ರ ಮತ್ತು ಇಂಗ್ಲಿಷಿನ ಪ್ರಾಧ್ಯಾಪಕರಾದರು. ಕಾನ್ವೆಂಟಿನವರ ಮನೆ ಆಸ್ತಿ ಎಂದು ನಾವು ಹೆದರುವ ಪ್ಯಾರಾದ ನಿಯಮ ಬರೆದದ್ದು ಶಾಲೆ ಬಿಟ್ಟು ಮಗ್ಗಕ್ಕೆ ಕೂತಿದ್ದ ಹುಡುಗ. ತಂಗಿಗೆ ಇದನ್ನು ಹೇಳಿದಾಗ ಅವಳು ಗೂಗಲ್ ಮಾಡಿ ಅವರ ಫೋಟೋ ನೋಡಿದಳು. ‘ಗಡ್ಡ ಚೆನ್ನಾಗಿದೆ’ ಅಂದಳು.

ಮೊದಲ ವಾಕ್ಯವನ್ನು ಅವಳು ಬರೆದಳು. ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ. ‘ಸಂಘದ ಸದಸ್ಯತ್ವ ಹೆಂಗಸರದಾದರೂ ಹಾಲಿನ ಹಣದ ಖರ್ಚನ್ನು ತೀರ್ಮಾನಿಸುವವರು ಗಂಡಸರು.’

ಬರೆದ ಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಆ ವಾಕ್ಯ ಒಂಬತ್ತನೇ ಸ್ಥಾನದಲ್ಲಿದ್ದಾಗ ಅದನ್ನು ಯಾರೂ ಪ್ರಶ್ನೆ ಮಾಡಿರಲಿಲ್ಲ, ಅವಳೂ ಮಾಡಿರಲಿಲ್ಲ. ಮೊದಲನೇ ಸ್ಥಾನಕ್ಕೆ ಬಂದ ಕೂಡಲೇ, ‘ನಿಜವಾ ಅಕ್ಕ? ಎಲ್ರ ಮನೇಲೂ ಹಂಗೇನಾ?’ ಅಂತ ಅವಳಿಗೇ ಅನುಮಾನ ಬಂತು. ನೋಟ್‌ಬುಕ್ ತೆಗೆದಳು. ಒಂದೊಂದು ಮನೆಯ ಮುಂದೆ ಗೀಟು ಹಾಕುತ್ತಾ ಹೋದಳು. ಹೆಚ್ಚಿನ ಮನೆಗಳಲ್ಲಿ ಕಾರ್ಡು ಗಂಡನ ಹತ್ತಿರ. ಕೆಲವು ಮನೆಗಳು ಮಾತ್ರ ಒಗ್ಗದೆ ಉಳಿದವು. ಅವುಗಳನ್ನು ಪಕ್ಕಕ್ಕೆ ಬರೆದು ನೋಡಿದಾಗ ಸಂಗತಿ ಕಂಡಿತು: ಅವೆಲ್ಲ ಗಂಡ ಬೆಂಗಳೂರಿನಲ್ಲಿ ಡ್ರೈವರೋ ಸೆಕ್ಯೂರಿಟಿಯೋ ಆಗಿ ದುಡಿಯುವ ಮನೆಗಳು. ಅಲ್ಲಿ ಕಾರ್ಡೂ ಹೆಂಗಸರ ಹತ್ತಿರ, ಹಸು ಮಾರುವ ಕೊಳ್ಳುವ ಮಾತೂ ಅವರದೇ.

ಅವಳ ಅಧ್ಯಯನದಲ್ಲಿ ಹೊಸದೇನಾದರೂ ಇದ್ದರೆ ಅದೇ. ಎರಡು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಮಲಗಿತ್ತು. ‘ಮಹಿಳೆಯರ ಪಾತ್ರದ ಬಗ್ಗೆ’ ಬರೆಯುತ್ತಿದ್ದರೆ ಅಲ್ಲೇ ಮಲಗಿರುತ್ತಿತ್ತು. ಇಷ್ಟಾದ ಮೇಲೆ ಪ್ಯಾರಾ ಹೀಗಾಯಿತು:

‘ಹಾಲಿನ ಖಾತೆ ಹೆಂಗಸರ ಹೆಸರಿನಲ್ಲಿದ್ದರೂ, ಗಂಡ ಊರಲ್ಲೇ ಇರುವ ಮನೆಗಳಲ್ಲಿ ಆ ಹಣದ ಖರ್ಚನ್ನು ಸಾಮಾನ್ಯವಾಗಿ ತೀರ್ಮಾನಿಸುವವರು ಗಂಡಸರು. ಈ ಗ್ರಾಮದ ಸಂಘದಲ್ಲಿ ಸದಸ್ಯರೆಲ್ಲ ಹೆಂಗಸರೇ, ಬಟವಾಡೆ ಜಮೆಯಾಗುವುದೂ ಅವರ ಖಾತೆಗೇ. ಆದರೆ ಮಾತಾಡಿಸಿದ ಹೆಚ್ಚಿನ ಮನೆಗಳಲ್ಲಿ ಆ ಖಾತೆಯ ಎಟಿಎಂ ಕಾರ್ಡು ಗಂಡನ ಬಳಿ ಇತ್ತು. ಕಾರ್ಡು ಹಿಡಿದವರೇ ಹಿಂಡಿ ಬೂಸಾಕ್ಕೆ ಎಷ್ಟು, ಮನೆಗೆ ಎಷ್ಟು ಎಂದು ನಿರ್ಧರಿಸುತ್ತಿದ್ದರು. ಗಂಡ ಬೆಂಗಳೂರಿಗೆ ದುಡಿಯಲು ಹೋಗಿದ್ದ ಮನೆಗಳಲ್ಲಿ ಈ ನಿರ್ಧಾರ ಹೆಂಗಸರದಾಗಿತ್ತು. ಹಣದ ಮೇಲಿನ ಹಿಡಿತಕ್ಕೂ ಸದಸ್ಯತ್ವಕ್ಕೂ ಇರುವ ನಂಟಿಗಿಂತ, ಗಂಡ ಮನೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ನಂಟು ಈ ಗ್ರಾಮದಲ್ಲಿ ಬಲವಾಗಿರುವಂತೆ ಕಾಣುತ್ತದೆ.’

ಆಣಂದ್ ಮತ್ತು ಆಪರೇಷನ್ ಫ್ಲಡ್ ಎಲ್ಲಿ ಹೋದವು ಅಂತ ಕೇಳಬೇಡಿ. ಅವು ಬೇರೆ ಪ್ಯಾರಾಕ್ಕೆ ಹೋದವು. ಹೈನುಗಾರಿಕೆಯ ಚರಿತ್ರೆ ಹೇಳುವ ಜಾಗದಲ್ಲಿ ಅವಕ್ಕೂ ಕೆಲಸವಿದೆ.

ಈ ಪ್ಯಾರಾದಲ್ಲಿ ಇನ್ನೆರಡು ಸಂಗತಿ ನೋಡಿ. ಒಂದು ವಾಕ್ಯದ ಕೊನೆಯಲ್ಲಿ ಬಂದ ವಸ್ತು ಮುಂದಿನ ವಾಕ್ಯದ ಮೊದಲಿಗೆ ಬರುತ್ತದೆ: ಖಾತೆ, ಆ ಖಾತೆಯ ಕಾರ್ಡು, ಕಾರ್ಡು ಹಿಡಿದವರು, ಈ ನಿರ್ಧಾರ. ಗೊತ್ತಿರುವುದರಿಂದ ಹೊರಟು ಹೊಸದಕ್ಕೆ ಹೋಗುವುದು. ಹೀಗೆ ಕೈ ಹಿಡಿದಿದ್ದರೆ ‘ಹವೆವರ್’, ‘ಮೋರೋವರ್’, ‘ಫರ್ದರ್‌ಮೋರ್’ ಅಂತ ವಾಕ್ಯಕ್ಕೊಂದು ಒಗ್ಗರಣೆ ಹಾಕಬೇಕಾಗಿಲ್ಲ. ನಮ್ಮ ಹುಡುಗರು ಆ ಪದಗಳ ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಾರೆ. ನಂಟೇ ಇಲ್ಲದ ಎರಡು ವಾಕ್ಯವನ್ನು ‘ಮೋರೋವರ್’ ಸೇರಿಸಲಾರದು. ಹಾಗೇ ಒಂಟಿ ‘ದಿಸ್’. ‘ಇದು ತೋರಿಸುತ್ತದೆ’ ಅಂದರೆ ಯಾವುದು? ಖಾತೆಯೋ, ಕಾರ್ಡೋ, ಗಂಡನೋ? ‘ದಿಸ್’ ಬಂದ ಕಡೆಯೆಲ್ಲ ಅದರ ಮುಂದೆ ಒಂದು ಹೆಸರು ಸೇರಿಸು ಅಂದೆ. ಆ ಒಂದು ಕೆಲಸದಲ್ಲೇ ಅವಳ ಅಧ್ಯಾಯದ ಅರ್ಧ ಮಂಜು ಕರಗಿತು.

ಎರಡನೆಯದು ಕೊನೆಯ ‘ಕಾಣುತ್ತದೆ’. ಇಂಗ್ಲಿಷಿನಲ್ಲಿ ‘ಮೇ’, ‘ಸೀಮ್ಸ್’, ‘ಸಜೆಸ್ಟ್ಸ್’ ಎಂದು ಬರುವ ಈ ಪದಗಳನ್ನು ಅವಳು ಹಿಂಜರಿಕೆ ಅಂದುಕೊಂಡು ಹೊಡೆದು ಹಾಕಿದ್ದಳು. ಅವು ಲೆಕ್ಕದ ಪದಗಳು, ಎಷ್ಟು ಗೊತ್ತೋ ಅಷ್ಟೇ ಹೇಳುವುದಕ್ಕೆ ಇರುವುದು. ಕನ್ನಡಿಗರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ‘ಮಳೆ ಬಂತು’ ಎಂದರೆ ಕಂಡದ್ದು, ‘ಮಳೆ ಬಂತಂತೆ’ ಎಂದರೆ ಕೇಳಿದ್ದು, ‘ಮಳೆ ಬಂದಿರಬೇಕು’ ಎಂದರೆ ಅಂಗಳ ನೋಡಿ ಊಹಿಸಿದ್ದು. ಈ ಮೂರನ್ನೂ ಬೇರೆ ಬೇರೆ ಇಡುವುದು ನಮ್ಮ ಮೂರು ವರ್ಷದ ಮಗುವಿಗೂ ಬರುತ್ತದೆ. ಅಕಾಡೆಮಿಕ್ ಇಂಗ್ಲಿಷ್ ನಮ್ಮ ‘ಅಂತೆ’ಗೆ ಲೇಖಕರ ಹೆಸರು, ವರ್ಷ, ಪುಟ ಸೇರಿಸಿ ಬರೆಸುತ್ತದೆ. ಯಾರು ಹೇಳಿದ್ದು ಅಂತ ಹೇಳದೆ ‘ಅಂತೆ’ ಅಂದರೆ ಊರಲ್ಲೂ ಯಾರು ನಂಬುತ್ತಾರೆ?

ಪ್ರತಿ ಪ್ಯಾರಾಕ್ಕೂ ಇಷ್ಟೇ ವಾಕ್ಯ, ಹೀಗೇ ಇರಬೇಕು ಎಂದು ಕಲಿಸುವ ಕೋಚಿಂಗಿನವರೂ ಇದ್ದಾರೆ. ಅಷ್ಟು ಬೇಡ. 1974ರಲ್ಲಿ ರಿಚರ್ಡ್ ಬ್ರಾಡಕ್ ಎಂಬುವರು ಅಮೆರಿಕದ ಒಳ್ಳೊಳ್ಳೆಯ ಪತ್ರಿಕೆಗಳ ಪ್ರಬಂಧಗಳನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಿದರು. ಮುಖ್ಯ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿದ ಪ್ಯಾರಾಗಳು ಶೇ 13ರಷ್ಟು ಮಾತ್ರ. ಪಳಗಿದ ಲೇಖಕರು ಮಾತನ್ನು ನಡುವೆ ಇಡುತ್ತಾರೆ, ಕೊನೆಗೆ ಇಡುತ್ತಾರೆ, ಎರಡು ಪ್ಯಾರಾಕ್ಕೆ ಹಂಚುತ್ತಾರೆ. ಅವರ ಹೆಸರು ನೋಡಿಯೇ ಓದುಗ ಕಾಯುತ್ತಾನೆ. ನಾಗಮಂಗಲದ ಹುಡುಗಿಗೆ ಯಾರೂ ಕಾಯುವುದಿಲ್ಲ, ಇದು ಅನ್ಯಾಯವೇ. ಹಾಗಾಗಿ ಸದ್ಯಕ್ಕೆ ಮೊದಲೇ ಹೇಳು ಅಂತ ಅವಳಿಗೆ ಹೇಳಿದೆ. ಮುಂದೆ ಹೆಸರು ಬಂದ ಮೇಲೆ ನಿನ್ನಿಷ್ಟ.

ಈಗ ಫೋನಿಗೆ ಹೇಳಿದರೆ ಅದೇ ಪ್ಯಾರಾ ಬರೆದುಕೊಡುತ್ತದಲ್ಲ ಅನ್ನುವವರಿಗೆ ಒಂದು ಮಾತು. ತಂಗಿಯೂ ಕೇಳಿ ನೋಡಿದ್ದಳು. ಮಹಿಳಾ ಹೈನುಗಾರಿಕೆ ಅಂದ ಕೂಡಲೇ ಬಂತು, ಮೊದಲ ವಾಕ್ಯ, ಆಧಾರ, ಕೊನೆಯ ವಾಕ್ಯ ಎಲ್ಲ ಅಚ್ಚುಕಟ್ಟು. ಯಾವ ಊರಿಗೆ ಬೇಕಾದರೂ ಹೊಂದುತ್ತಿತ್ತು. ಎಟಿಎಂ ಕಾರ್ಡು ಇರಲಿಲ್ಲ, ಬೆಂಗಳೂರಿಗೆ ಹೋದ ಗಂಡಂದಿರು ಇರಲಿಲ್ಲ, ಯಾರನ್ನೂ ಮಾತಾಡಿಸದವರ ಪ್ಯಾರಾ ಅದು. ‘ಪಾಯಿಂಟ್?’ ಎಂದು ಕೇಳುವಂತಿರಲಿಲ್ಲ, ಆದರೆ ಅವಳ ಎರಡು ನೋಟ್‌ಬುಕ್ಕಿಗೆ ಅದರಲ್ಲಿ ಜಾಗವೂ ಇರಲಿಲ್ಲ.

ನೀವು ಅಥವಾ ನಿಮ್ಮ ಮನೆಯ ಮಕ್ಕಳು ಇಂಥದ್ದು ಬರೆಯುತ್ತಿದ್ದರೆ ಒಂದು ಉಪಾಯ ಹೇಳುತ್ತೇನೆ, ಖರ್ಚಿಲ್ಲದ್ದು. ಬರೆದದ್ದನ್ನು ಪ್ರಿಂಟ್ ತೆಗೆದುಕೊಳ್ಳಿ. ಒಂದೊಂದು ಪ್ಯಾರಾದ ಪಕ್ಕದಲ್ಲೂ ಅದು ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ, ಮನೆಯವರಿಗೆ ಹೇಳುವ ಹಾಗೆ. ಸಾಲು ‘ಬಗ್ಗೆ’ ಎಂದು ಮುಗಿದರೆ ಪ್ಯಾರಾಕ್ಕೆ ಇನ್ನೂ ಮಾತು ಬಂದಿಲ್ಲ. ನಡುವೆ ‘ಮತ್ತೆ ಇನ್ನೊಂದು’ ಬಂದರೆ ಅದು ಎರಡು ಪ್ಯಾರಾ. ಎರಡು ಪ್ಯಾರಾದ ಪಕ್ಕ ಒಂದೇ ಸಾಲು ಬಂದರೆ ಒಂದನ್ನು ತೆಗೆಯಿರಿ. ಆಮೇಲೆ ಅಂಚಿನ ಆ ಕನ್ನಡ ಸಾಲುಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿ. ಕಥೆ ಮುಂದೆ ಹೋದರೆ ಪ್ರಬಂಧ ನಿಂತಿದೆ. ತಂಗಿ ಮೊದಲ ಅಧ್ಯಾಯಕ್ಕೆ ಹೀಗೆ ಮಾಡಿದಾಗ ಹನ್ನೊಂದು ಪ್ಯಾರಾಗಳಲ್ಲಿ ಏಳರ ಪಕ್ಕ ‘ಬಗ್ಗೆ’ ಬಂತು. ಮೂರು ವಾರ ಕೂತು ತಿದ್ದಿದಳು. ಹಳೆಯ ಇಂಗ್ಲಿಷೇ, ಪದಕೋಶ ಬದಲಾಗಲಿಲ್ಲ. ಗೈಡ್ ಈ ಸಲ ಅಂಚಿನಲ್ಲಿ ಬೇರೆ ಬರೆದರು: ‘ಬೆಂಗಳೂರಿಗೆ ಹೋದ ಗಂಡ ವಾಪಸ್ ಬಂದರೆ ಕಾರ್ಡು ಏನಾಗುತ್ತದೆ?’ ಅದಕ್ಕೆ ಉತ್ತರ ಹುಡುಕಲು ಅವಳು ಯುಗಾದಿಗೆ ಊರಿಗೆ ಬಂದಳು.

ಊರಿನ ಹೆಸರು, ಜನರ ಹೆಸರು ಪ್ರಬಂಧದಲ್ಲಿ ಬದಲಾಗಿದೆ. ಆದರೂ ಮನೆಯಲ್ಲಿ ಗೊತ್ತಾಗದೆ ಇರುತ್ತದೆಯೇ? ಹಬ್ಬದ ಮಾರನೇ ದಿನ ಚಿಕ್ಕಮ್ಮ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಾ, ‘ಅದೇನು ಬರ್ದಿದ್ದೀಯೋ ಓದವ್ವ, ಕೇಳ್ಮಾ’ ಅಂದರು. ತಂಗಿ ನನ್ನ ಮುಖ ನೋಡಿದಳು. ಆಮೇಲೆ ಆ ಪ್ಯಾರಾವನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳಿದಳು, ಮೊದಲ ವಾಕ್ಯದಿಂದ.

ಚಿಕ್ಕಮ್ಮ ಕ್ಯಾನು ಬೋರಲು ಹಾಕಿದರು. ‘ಇದ್ರಲ್ಲಿ ಸುಳ್ಳೇನಿಲ್ಲ’ ಅಂದರು. ‘ನಿಮ್ ದೊಡ್ಡಮ್ಮನ್ನೂ ಕೇಳ್ದಾ?’

‘ಇಲ್ಲ ಅಮ್ಮ. ದೊಡ್ಡಪ್ಪ ಯಾವಾಗ್ಲೂ ಪಕ್ಕದಲ್ಲೇ ಇರ್ತಾರಲ್ಲ.’

‘ಬೆಳಿಗ್ಗೆ ಹೊತ್ತು ಹೋಗ್ಬೇಡ. ಹನ್ನೊಂದು ಗಂಟೆಗೆ ಅವ್ರು ತೋಟಕ್ಕೆ ಹೋಯ್ತಾರೆ, ಆಗ ಹೋಗು’ ಅಂದರು ಚಿಕ್ಕಮ್ಮ.

ಹನ್ನೊಂದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ತಂಗಿ ಹೊಸ ನೋಟ್‌ಬುಕ್ಕು ಹುಡುಕತೊಡಗಿದಳು.